ಚೀಲದಲ್ಲಿ ಈ ಚಾಕು ಯಾಕಿದೆ?

(ಚಾರಣ, ಶಿಬಿರ, ದೋಣಿಯಾನದ ಆಸಕ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಮಾತು ಶುರು ಮಾಡುವ ಮೊದಲು ನಿಮಗೊಂದು ಸಣ್ಣ ಕೆಲಸ. ತಂದಿರುವ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಅದರ ಎಲ್ಲ ಜೇಬುಗಳಿಗೂ ಒಮ್ಮೆ ಕೈ ಹಾಕಿ. ನಿಧಾನಕ್ಕೆ ಹಾಕಿ, ಬೆರಳು ಕುಯ್ದುಕೊಂಡರೆ ನನ್ನ ಉಪನ್ಯಾಸ ಶುರುವಾಗುವ ಮೊದಲೇ ಮುಗಿಯುತ್ತದೆ. ಕತ್ತರಿಸುವಂಥದ್ದು ಏನಾದರೂ ಸಿಕ್ಕರೆ ಸುಮ್ನೆ ಕೈ ಎತ್ತಿ. ಹೊರಗೆ ತೆಗೆಯುವುದು ಬೇಡ.

ನಾಲ್ಕು ಕೈ ಕಾಣುತ್ತಿವೆ. ಹಿಂದಿನ ಸಾಲಿನಲ್ಲಿ ಒಬ್ಬರು ಅರ್ಧ ಎತ್ತಿ ಇಳಿಸಿಬಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು! ಹೆದರಬೇಡಿ, ಇಲ್ಲಿ ಯಾರೂ ಹಿಡಿಯುವವರಿಲ್ಲ. ಏನು ಸಿಕ್ಕಿತು? ಒಬ್ಬರಿಗೆ ಪೇಪರ್ ಕಟರ್. ಇನ್ನೊಬ್ಬರಿಗೆ ಕೀ ಗೊಂಚಲಿನಲ್ಲೇ ಇರುವ ಪುಟ್ಟ ಚಾಕು. ಅರ್ಧ ಕೈ ಎತ್ತಿದವರು ಈಗ ಹೇಳುತ್ತಿದ್ದಾರೆ: "ಇದು ಇಲ್ಲಿತ್ತಾ? ಮನೆಯೆಲ್ಲಾ ಹುಡುಕಿದ್ದೆ!"

ಇವತ್ತಿನ ನನ್ನ ಮಾತೆಲ್ಲ ಈ "ಇಲ್ಲಿತ್ತಾ?" ಅನ್ನುವುದರ ಸುತ್ತಲೇ. ದೊಡ್ಡ ಚಾಕು, ಚಿಕ್ಕ ಚಾಕು, ಯಾವ ಕಂಪನಿಯದು, ಯಾವ ಉಕ್ಕು ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಆದರೆ ಹೊರಗೆ ಓಡಾಡುವವರನ್ನು ಕಾನೂನಿನ ತೊಂದರೆಗೆ ಸಿಕ್ಕಿಸುವುದು ಬಹಳ ಸಲ ಮರೆತ ಚಾಕು. ಗಾಯ ಮಾಡುವುದು ಕೂಡ ಅದೇ, ಒರೆಯಿಲ್ಲದೆ ಎಲ್ಲೋ ಬಿಟ್ಟು ಮರೆತದ್ದು.

ನನ್ನದೇ ಕಥೆ ಹೇಳುತ್ತೇನೆ. ಎಷ್ಟೋ ವರ್ಷದ ಹಿಂದೆ ನಾಲ್ಕು ದಿನದ ಚಾರಣ ಮುಗಿಸಿ ವಿಮಾನ ಹಿಡಿಯಲು ಹೋದೆ. ದೊಡ್ಡ ಚೀಲವನ್ನು ಸಾಮಾನಿನ ಜೊತೆ ಕಳಿಸಿದ್ದೆ. ಸೊಂಟಕ್ಕೆ ಕಟ್ಟುವ ಚಿಕ್ಕ ಚೀಲ ಮಾತ್ರ ಜೊತೆಗಿತ್ತು. ಅದರ ಮುಂದಿನ ಜೇಬಿನಲ್ಲಿ ಮಡಚುವ ಚಾಕು. ಸೋದರಮಾವ ಕೊಟ್ಟಿದ್ದು, ಹಿಡಿಯ ಮರ ಅವರ ಕೈಬೆವರಿಗೆ ಕಪ್ಪಾಗಿತ್ತು. ತಪಾಸಣೆಯ ಪರದೆಯ ಮೇಲೆ ಅದು ಕಂಡಿತು. ಆ ಅಧಿಕಾರಿ ಗದರಲಿಲ್ಲ, ಏನೂ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಇದು ಈಗ ನಿಮ್ಮ ಹತ್ತಿರ ಯಾಕಿದೆ?" ನನ್ನ ಬಳಿ ಉತ್ತರ ಇರಲಿಲ್ಲ. ನಿನ್ನೆ ಕೇಳಿದ್ದರೆ ಹತ್ತು ಉತ್ತರ ಕೊಡುತ್ತಿದ್ದೆ. ಚಾಕು ಡಬ್ಬಿಗೆ ಬಿತ್ತು. ನಾನು ವಿಮಾನ ಹತ್ತಿದೆ.

ಆಮೇಲೆ ಬೇರೆ ಬೇರೆ ದೇಶಗಳ ಕಾನೂನು ಓದುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ಅಂಕಿ ಬೇರೆ, ಭಾಷೆ ಬೇರೆ, ಶಿಕ್ಷೆ ಬೇರೆ. ಆದರೆ ಹೆಚ್ಚಿನ ಕಡೆ ತಳದಲ್ಲಿರುವುದು ಅದೇ ಪ್ರಶ್ನೆ. ಈಗ, ಇಲ್ಲಿ, ಯಾಕೆ?

ಬ್ರಿಟನ್ನಿನ ಉದಾಹರಣೆ ತಗೊಳ್ಳಿ. ಅಲ್ಲಿನ 1988ರ ಕಾನೂನಿನ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ಅಲಗು ಇರುವ ವಸ್ತು ಇಟ್ಟುಕೊಳ್ಳಲು ಸರಿಯಾದ ಕಾರಣ ಬೇಕು. ಒಂದಕ್ಕೆ ಮಾತ್ರ ವಿನಾಯಿತಿ: ಕತ್ತರಿಸುವ ಅಂಚು 3 ಇಂಚು ಮೀರದ ಮಡಚುವ ಜೇಬುಚಾಕು. ಇಷ್ಟು ಓದಿ ಜನ ಖುಷಿಯಾಗುತ್ತಾರೆ. ಆದರೆ ತೆರೆದ ಮೇಲೆ ಲಾಕ್ ಆಗುವ ಚಾಕು ಈ ವಿನಾಯಿತಿಯೊಳಗೆ ಬರುವುದಿಲ್ಲ ಅಂತ 1990ರ ದಶಕದ ಮೊದಲಲ್ಲೇ ಅಲ್ಲಿನ ನ್ಯಾಯಾಲಯ ಹೇಳಿದೆ. ಲಾಕ್ ಆದರೆ ಅದು ಕಾನೂನಿನ ಕಣ್ಣಿಗೆ ಮಡಚುವ ಚಾಕು ಅಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ಇದು ನನಗೆ ಬಹಳ ಕಾಡಿದ ವಿಷಯ. ಬಳಸುವವನ ಬೆರಳಿನ ಲೆಕ್ಕದಲ್ಲಿ ನೋಡಿದರೆ ಲಾಕ್ ಇರುವ ಚಾಕುವೇ ಕ್ಷೇಮ. ನೋಡಿ, ನನ್ನ ಬಲಗೈ ತೋರುಬೆರಳಿನ ಒಳಮಗ್ಗುಲಲ್ಲಿ ಈ ಬಿಳಿ ಗೆರೆ. ಒಂದು ಕೋಲಿಗೆ ತೂತು ಮಾಡಲು ಲಾಕ್ ಇಲ್ಲದ ಚಾಕುವಿನ ಮೊನೆಯನ್ನು ಒತ್ತಿ ತಿರುಗಿಸುತ್ತಿದ್ದೆ. ಅಲಗು ಹಿಂದಕ್ಕೆ ಮಡಚಿಕೊಂಡು ಬೆರಳಿನ ಮೇಲೇ ಮುಚ್ಚಿತು. ಲಾಕ್ ಇದ್ದಿದ್ದರೆ ಆಗುತ್ತಿರಲಿಲ್ಲ. ಹಾಗಾದರೆ ಕಾನೂನು ದಡ್ಡತನದ್ದಾ? ನನಗೆ ಮೊದಲು ಹಾಗೇ ಅನಿಸಿತ್ತು. ಈಗ ಹಾಗನ್ನುವುದಿಲ್ಲ. ಕಾನೂನು ಬರೆದವರು ಕೋಲಿಗೆ ತೂತು ಮಾಡುವವನನ್ನು ಕಣ್ಮುಂದೆ ಇಟ್ಟುಕೊಂಡು ಬರೆದದ್ದಲ್ಲ. ಇನ್ನೊಬ್ಬನಿಗೆ ಇರಿಯುವವನನ್ನು ಇಟ್ಟುಕೊಂಡು ಬರೆದದ್ದು. ಇರಿಯುವಾಗ ಮಡಚಿಕೊಳ್ಳದ ಚಾಕು ಅವರಿಗೆ ಜಾಸ್ತಿ ಅಪಾಯ. ಲಾಕ್ ಒಂದೇ, ನೋಡುವ ಕಡೆ ಎರಡು.

ಹಾಗಂತ ಲಾಕ್ ಇರುವ ಚಾಕು, ಅಥವಾ ಮಡಚದ ನೇರ ಚಾಕು ಅಲ್ಲಿ ಇಟ್ಟುಕೊಳ್ಳುವ ಹಾಗೇ ಇಲ್ಲ ಅಂತಲ್ಲ. ಸರಿಯಾದ ಕಾರಣ ಇದ್ದರೆ ಆಗುತ್ತದೆ. ಶಿಬಿರಕ್ಕೆ ಹೋಗುತ್ತಿದ್ದೀರಿ, ಮರಗೆಲಸಕ್ಕೆ ಹೋಗುತ್ತಿದ್ದೀರಿ, ಸರಿ. ಆದರೆ ಕಾರಣ ಮುಗಿದ ಮೇಲೆ? ಅಲ್ಲೇ ಇನ್ನೊಂದು ಪ್ರಕರಣ ನಡೆಯಿತು. ಒಬ್ಬನ ಬಳಿ ಚಾಕು ಸಿಕ್ಕಿತು. ಆರು ದಿನದ ಹಿಂದೆ ಕೆಲಸಕ್ಕೆ ಇಟ್ಟುಕೊಂಡಿದ್ದೆ, ತೆಗೆಯಲು ಮರೆತೆ ಅಂದ. ಆರು ದಿನದ ಹಿಂದಿನ ಕೆಲಸ ಇವತ್ತಿನ ಕಾರಣ ಆಗುವುದಿಲ್ಲ, ಬರೀ ಮರೆವು ಕೂಡ ಕಾರಣ ಆಗುವುದಿಲ್ಲ ಅಂದಿತು ನ್ಯಾಯಾಲಯ. ಅದನ್ನು ಓದಿದಾಗ ನನ್ನ ಸೊಂಟದ ಚೀಲ ನೆನಪಾಯಿತು. ನನ್ನದು ಒಂದೇ ದಿನದ ಮರೆವು, ಅಷ್ಟೇ ವ್ಯತ್ಯಾಸ.

ಜಪಾನಿನಲ್ಲಿ ಅಳತೆ ಇನ್ನೂ ಬಿಗಿ. ಅಲಗು 6 ಸೆಂ.ಮೀ. ದಾಟಿದರೆ ಕೆಲಸದ ಅಥವಾ ಇನ್ನಾವುದೋ ನ್ಯಾಯವಾದ ಕಾರಣ ಇಲ್ಲದೆ ಒಯ್ಯುವ ಹಾಗಿಲ್ಲ. ಮಡಚುವ ಕೆಲವು ಚಾಕುಗಳಿಗೆ ಷರತ್ತಿನ ಮೇಲೆ ಸ್ವಲ್ಪ ಸಡಿಲ ಇದೆ. 6 ಸೆಂ.ಮೀ. ಒಳಗಿದ್ದರೆ ನಿಶ್ಚಿಂತೆಯಾ? ಅದೂ ಇಲ್ಲ. ಸಣ್ಣ ಅಪರಾಧಗಳ ಕಾನೂನು ಅಂತ ಇನ್ನೊಂದಿದೆ. ಕಾರಣವಿಲ್ಲದೆ ಬಚ್ಚಿಟ್ಟುಕೊಂಡು ಓಡಾಡಿದರೆ ಪುಟ್ಟ ಚಾಕುವೂ ಅದರ ಬಲೆಗೆ ಬೀಳಬಹುದು. ಜರ್ಮನಿಯಲ್ಲಿ 12 ಸೆಂ.ಮೀ. ಮೀರಿದ ನೇರ ಅಲಗು, ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕು ಇವೆರಡನ್ನೂ ಹೊರಗೆ ಒಯ್ಯುವುದಕ್ಕೆ 2008ರಿಂದ ತಡೆ ಇದೆ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸಾಗಿಸಬಹುದು. ವೃತ್ತಿ, ಕ್ರೀಡೆಯಂಥ ಕಾರಣಕ್ಕೆ ವಿನಾಯಿತಿ ಉಂಟು. 2024ರಲ್ಲಿ ಜಾತ್ರೆ, ಉತ್ಸವದಂಥ ಜನ ಸೇರುವ ಕಡೆಗೆ ನಿಯಮ ಇನ್ನೂ ಬಿಗಿಯಾಯಿತು.

ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ, ಎಷ್ಟೋ ಸಲ ಊರಿಗೊಂದು. ನ್ಯೂಯಾರ್ಕ್ ರಾಜ್ಯದಲ್ಲಿ 2019ರವರೆಗೆ ಗ್ರಾವಿಟಿ ನೈಫ್ ಅನ್ನುವುದಕ್ಕೆ ನಿಷೇಧ ಇತ್ತು. ಅಂದರೆ ಝಾಡಿಸಿದರೆ ತಾನೇ ತೆರೆದುಕೊಳ್ಳುವ ಚಾಕು. ಪೊಲೀಸರು ಮಣಿಕಟ್ಟು ಝಾಡಿಸಿ ನೋಡುತ್ತಿದ್ದರು. ಪಳಗಿದ ಕೈ ಝಾಡಿಸಿದರೆ ರಟ್ಟು ಕತ್ತರಿಸುವ ಸಾಧಾರಣ ಚಾಕುವೂ ತೆರೆದುಕೊಳ್ಳುತ್ತದೆ. ಕೆಲಸಕ್ಕೆ ಹೋಗುವವರು ಸಿಕ್ಕಿಬಿದ್ದರು. ಕೊನೆಗೆ ಆ ನಿಷೇಧವನ್ನೇ ತೆಗೆದರು. ಟೆಕ್ಸಾಸ್ ಇದಕ್ಕೆ ತದ್ವಿರುದ್ಧ. 2017ರಿಂದ ಅಲ್ಲಿ ದೊಡ್ಡವರು ಉದ್ದ ಚಾಕು ಇಟ್ಟುಕೊಳ್ಳಬಹುದು. ಆದರೆ 5.5 ಇಂಚು ಮೀರಿದ್ದಾದರೆ ಶಾಲೆಯಂಥ ಕೆಲವು ಜಾಗಗಳಿಗೆ ಒಯ್ಯುವ ಹಾಗಿಲ್ಲ. ಒಂದೇ ದೇಶ ನೋಡಿ!

ಭಾರತದ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಅನ್ನುವ ಗೆರೆ ಇದೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಮಾಡಿದವು ಇದರಿಂದ ಹೊರಗೆ. ಜನ ಈ 9 ಇಂಚು ಬಾಯಿಪಾಠ ಮಾಡಿಕೊಂಡು ಅಲ್ಲಿಗೇ ನಿಲ್ಲಿಸುತ್ತಾರೆ. ಚಾರಣಿಗರಿಗೆ ಮುಖ್ಯವಾದದ್ದು ಇನ್ನೊಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವಂತಿಲ್ಲ. ಅದೇ ಕಾಯ್ದೆಯಲ್ಲಿ ಆಯುಧ ಅಂದರೆ ಏನೇನು ಅಂತ ಪಟ್ಟಿ ಇದೆ. ಬಂದೂಕು, ಬಿಲ್ಲುಬಾಣ, ಬಲೆ, ಉರುಳು, ವಿಷ. ಅದರ ಮಧ್ಯೆ ಚಾಕು ಕೂಡ. ಎಷ್ಟು ಇಂಚಿನದು ಅಂತ ಹೇಳಿಲ್ಲ. ಅಲ್ಲಿ ನಿಮ್ಮ 9 ಇಂಚಿನ ಲೆಕ್ಕ ನಡೆಯುವುದಿಲ್ಲ ಅಲ್ವಾ?

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಅಳತೆಯೊಂದನ್ನೇ ನಂಬಿಕೊಂಡವನು ಬೀಳುತ್ತಾನೆ. ಹೋಗುವ ಜಾಗದ ನಿಯಮವನ್ನು ಹೋಗುವ ಮೊದಲು ಓದಬೇಕು. ದಾರಿಯಲ್ಲಿ ಗಡಿ ದಾಟುವುದಿದ್ದರೆ ಆ ಕಡೆಯದನ್ನೂ ಓದಬೇಕು.

ಎಲ್ಲ ಕಡೆಗೂ ಹೊಂದುವ ಅಭ್ಯಾಸ ಒಂದಿದೆ. ನಾನು ಅದನ್ನು "ದಾರಿಯಲ್ಲಿ ದೂರ, ಕೆಲಸದಲ್ಲಿ ಹತ್ತಿರ" ಅಂತ ಕರೆಯುತ್ತೇನೆ. ಮನೆಯಿಂದ ಕಾಡಿನ ಬಾಯಿಯವರೆಗೆ ಚಾಕು ಚೀಲದ ತಳದಲ್ಲಿ, ಒರೆಯೊಳಗೆ, ಬಟ್ಟೆಯಲ್ಲಿ ಸುತ್ತಿ, ಮೇಲೆ ಮಲಗುವ ಚೀಲ ತುರುಕಿ ಇರಬೇಕು. ತೆಗೆಯಬೇಕಾದರೆ ನನಗೇ ಎರಡು ನಿಮಿಷ ಬೇಕು. ಯಾರಾದರೂ ನೋಡಿದರೂ ಪಕ್ಕದಲ್ಲಿ ಡೇರೆ, ಹಗ್ಗ, ಒಲೆ ಇರುತ್ತದೆ. ಚಾಕು ಯಾವ ಸಂಸಾರದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಶಿಬಿರ ತಲುಪಿದ ಮೇಲೆ ಅದು ಸೊಂಟಕ್ಕೋ ಕೈಗೆಟಕುವ ಜಾಗಕ್ಕೋ ಬರುತ್ತದೆ. ವಾಪಸು ಹೊರಡುವಾಗ ಮತ್ತೆ ತಳಕ್ಕೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಮೊದಲ ಕೆಲಸ ಚೀಲದಿಂದ ಅದನ್ನು ತೆಗೆಯುವುದು. ಸ್ನಾನ ಆಮೇಲೆ. ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ "ಇರಲಿ, ಎಂದಾದರೂ ಬೇಕಾಗುತ್ತದೆ" ಅಂತ ಬಿಡುವ ಅಭ್ಯಾಸ ಕೆಟ್ಟದ್ದು. "ಎಂದಾದರೂ" ಅನ್ನುವುದು ಎಷ್ಟೋ ದೇಶಗಳಲ್ಲಿ ಕಾರಣವೇ ಅಲ್ಲ.

ದಾರಿಯಲ್ಲಿ ತಪಾಸಣೆ ಮಾಡುವವರು ನಿಲ್ಲಿಸಿದರೆ? ಚೀಲದಲ್ಲಿ ಚಾಕು ಇದೆ, ಇಂಥ ಕಡೆ ಇದೆ ಅಂತ ಮೊದಲು ಬಾಯಲ್ಲಿ ಹೇಳಿ. ಕೈ ಹಾಕಿ ತೆಗೆದು ತೋರಿಸಲು ಹೋಗಬೇಡಿ. ಅವರು ಹೇಳಿದ ಮೇಲೆ, ಹೇಳಿದ ರೀತಿಯಲ್ಲಿ. ಇನ್ನೊಂದು, ಯಾಕಿದೆ ಅಂತ ಕೇಳಿದಾಗ "ಆತ್ಮರಕ್ಷಣೆಗೆ" ಅನ್ನುವ ಮಾತು ಕೆಲವರ ಬಾಯಲ್ಲಿ ತಾನಾಗೇ ಬರುತ್ತದೆ. ಅವರು ಅದನ್ನು ಬುದ್ಧಿವಂತಿಕೆಯ ಉತ್ತರ ಅಂದುಕೊಂಡಿರುತ್ತಾರೆ. ಎಷ್ಟೋ ಕಡೆ ಅದೇ ಕೆಟ್ಟ ಉತ್ತರ. ಹಗ್ಗ ಕತ್ತರಿಸಲು ಇದ್ದ ಸಾಧನ ಆ ಒಂದು ಮಾತಿನಿಂದ ಆಯುಧ ಆಗಿಬಿಡುತ್ತದೆ. ಬ್ರಿಟನ್ನಿನ 1953ರ ಕಾನೂನಿನಲ್ಲಿ ಉದ್ದೇಶವೇ ಮುಖ್ಯ. ಇನ್ನೊಬ್ಬರಿಗೆ ಗಾಯ ಮಾಡುವ ಉದ್ದೇಶದಿಂದ ಇಟ್ಟುಕೊಂಡರೆ ಸ್ಕ್ರೂಡ್ರೈವರ್ ಕೂಡ ಆಯುಧವೇ. ಇನ್ನು ಕಾಡುಪ್ರಾಣಿ ಬಂದರೆ ಚಾಕು ಹಿಡಿದು ಎದುರಿಸುತ್ತೇನೆ ಅನ್ನುವವರಿಗೆ ನಾನು ಏನೂ ಹೇಳುವುದಿಲ್ಲ. ಪ್ರಾಣಿಯೇ ಹೇಳುತ್ತದೆ.

ವಿಮಾನದ ಮಾತು ಬೇಗ ಮುಗಿಸುತ್ತೇನೆ. ಚಾಕು ಜೊತೆಗಿನ ಚೀಲದಲ್ಲಿ ಬೇಡ, ಕಳಿಸುವ ಸಾಮಾನಿನಲ್ಲಿ ಇರಲಿ, ಒರೆಯೊಳಗೆ ಗಟ್ಟಿಯಾಗಿ ಸುತ್ತಿ. ಚೀಲ ತೆರೆದು ನೋಡುವ ಸಿಬ್ಬಂದಿಯ ಕೈ ಕುಯ್ಯಬಾರದು. ಅಮೆರಿಕದ ವಿಮಾನ ಭದ್ರತಾ ಸಂಸ್ಥೆ 2013ರ ಮಾರ್ಚ್‌ನಲ್ಲಿ 6 ಸೆಂ.ಮೀ.ವರೆಗಿನ ಪುಟ್ಟ ಚಾಕುಗಳನ್ನು ಒಳಗೆ ಬಿಡುತ್ತೇವೆ ಅಂತ ಪ್ರಕಟಿಸಿತ್ತು. ವಿಮಾನ ಸಿಬ್ಬಂದಿ ಗಟ್ಟಿಯಾಗಿ ವಿರೋಧಿಸಿದರು, ಜೂನ್‌ನಲ್ಲಿ ಸಂಸ್ಥೆ ಆ ಯೋಚನೆಯನ್ನೇ ಕೈಬಿಟ್ಟಿತು. "ಯಾರೋ ಬಿಡುತ್ತಾರಂತೆ" ಅನ್ನುವ ಸುದ್ದಿ ನಂಬಿ ಹೋದವರು ನನ್ನ ಹಾಗೆ ಡಬ್ಬಿ ತುಂಬಿಸುತ್ತಾರೆ.

ಸರಿ, ಕಾನೂನು ಸಾಕು. ಈಗ ಮೇಜಿನ ಮೇಲೆ ನೋಡಿ. ಈ ಬಟ್ಟೆಯ ಸುರುಳಿಯಲ್ಲಿ ಏಳು ಸಾಧನ ತಂದಿದ್ದೇನೆ. ಏಳು, ನೆನಪಿಡಿ, ಕೊನೆಯಲ್ಲಿ ಎಣಿಸುತ್ತೇನೆ. ಕತ್ತರಿ, ಮಡಚುವ ಚಾಕು, ನೇರ ಚಾಕು, ಮಲ್ಟಿಟೂಲ್ (ಇಕ್ಕಳ, ಸ್ಕ್ರೂಡ್ರೈವರ್, ಅಲಗು ಎಲ್ಲ ಒಂದರಲ್ಲೇ ಮಡಚಿಟ್ಟ ಸಾಧನ), ಮಡಚುವ ಗರಗಸ, ಕೈಕೊಡಲಿ, ಮಚ್ಚು. ಎರಡು ದಿನದ ಚಾರಣಕ್ಕೆ ಒಂದೇ ಒಂದು ಒಯ್ಯಿರಿ ಅಂದರೆ ಯಾವುದು? ಎಲ್ಲರೂ ನೇರ ಚಾಕು ಅನ್ನುತ್ತಿದ್ದೀರಿ. ನಾನಾದರೆ ಕತ್ತರಿ.

ನಗಬೇಡಿ. ಹೋದ ಸಲದ ನಿಮ್ಮ ಚಾರಣ ನೆನಪಿಸಿಕೊಳ್ಳಿ. ಏನೇನು ಕತ್ತರಿಸಿದಿರಿ? ಪೊಟ್ಟಣದ ಬಾಯಿ, ಕಾಲಿನ ಬೊಬ್ಬೆಗೆ ಅಂಟಿಸುವ ಪಟ್ಟಿ, ಒಂದು ತುಂಡು ದಾರ, ಉಗುರು. ಎಲ್ಲ ಕತ್ತರಿ ಕೆಲಸ. ನಡುಗುವ ಕೈಯಲ್ಲಿ, ಟಾರ್ಚ್ ಬೆಳಕಲ್ಲಿ, ಗೆಳೆಯನ ಹಿಮ್ಮಡಿಯ ಪಟ್ಟಿ ಬಿಡಿಸುವಾಗ ಚಾಕುವಿನ ಮೊನೆ ಬೇಡ, ಮೊಂಡು ತುದಿಯ ಕತ್ತರಿ ಬೇಕು. ನೋಡಿದವರಿಗೂ ಗಾಬರಿ ಇಲ್ಲ.

ಚಾಕುವೇ ಬೇಕು ಅಂದರೆ ಅಲಗು ನಿಮ್ಮ ಅಂಗೈ ಅಗಲದಷ್ಟು ಇದ್ದರೆ ಸಾಕು, 8ರಿಂದ 10 ಸೆಂ.ಮೀ. ನಿಮ್ಮಲ್ಲಿ ಕಾನೂನು ಅದಕ್ಕಿಂತ ಕಡಿಮೆ ಅಂದರೆ ಕಡಿಮೆಯೇ. ಚಲನಚಿತ್ರಗಳಲ್ಲಿ ಕಾಣುವ ಮೊಣಕೈ ಉದ್ದದ, ಬೆನ್ನಿನ ಮೇಲೆ ಗರಗಸದ ಹಲ್ಲಿರುವ ಚಾಕು ನನಗೆ ಇಷ್ಟವಿಲ್ಲ. ಗರಗಸವಾಗಿಯೂ ಕೆಟ್ಟದ್ದು, ಚಾಕುವಾಗಿಯೂ ಕೆಟ್ಟದ್ದು. ಹಿಡಿಯ ಬಣ್ಣ ಕಿತ್ತಳೆಯೋ ಕೆಂಪೋ ಇರಲಿ. ಹಸಿರು ಹಿಡಿ ಚೆನ್ನಾಗಿ ಕಾಣುತ್ತದೆ, ಆದರೆ ಹುಲ್ಲಿನಲ್ಲಿ ಬಿದ್ದ ಮೇಲೆ ಕಾಣುವುದಿಲ್ಲ.

ಕಾರ್ಬನ್ ಉಕ್ಕಾ, ಸ್ಟೇನ್‌ಲೆಸ್ ಉಕ್ಕಾ? ಕಾರ್ಬನ್ ಉಕ್ಕು ಸಾಣೆಗೆ ಬೇಗ ಒಲಿಯುತ್ತದೆ. ಆದರೆ ಒಂದು ರಾತ್ರಿ ಒದ್ದೆ ಬಿಟ್ಟರೆ ಬೆಳಗ್ಗೆ ಕಂದು ಚುಕ್ಕಿ. ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಜಾಸ್ತಿ ಇರುವುದರಿಂದ ತುಕ್ಕು ನಿಧಾನ. ಮಳೆ, ಉಪ್ಪುನೀರು, ದೋಣಿ ಅಂದರೆ ಸ್ಟೇನ್‌ಲೆಸ್. ಒರೆಸಿ ಇಡುವ ಶಿಸ್ತು ಇದ್ದರೆ ಎರಡೂ ಸರಿ.

ಮರ ಕತ್ತರಿಸುವ ಮಾತು ಬಂದಾಗ ನಾನು ಗರಗಸದ ಪಕ್ಷ. ಈ ಮಡಚುವ ಗರಗಸ ಎಳೆಯುವಾಗ ಮಾತ್ರ ಕತ್ತರಿಸುತ್ತದೆ. ಎಳೆದಾಗ ಅಲಗು ಬಿಗಿಯಾಗಿ ನೆಟ್ಟಗಾಗುತ್ತದೆ, ಅದಕ್ಕೇ ತೆಳ್ಳಗೆ ಮಾಡಲು ಆಗಿದೆ. ದೂಡುವಾಗ ಬಲ ಹಾಕಿದರೆ ಬಾಗುತ್ತದೆ, ಹೊಸಬರು ಮುರಿಯುವುದು ಹೀಗೇ. ಕೊಡಲಿಯ ಏಟು ತಪ್ಪಿದರೆ ಮೊಣಕಾಲ ಕೆಳಗೆ ಬರುತ್ತದೆ. ಗರಗಸ ತಪ್ಪಿದರೆ ಬೆರಳಿನ ಚರ್ಮ ಹೋಗುತ್ತದೆ. ಎರಡೂ ನೋವೇ, ಆದರೆ ಆಸ್ಪತ್ರೆ ಎಂಟು ಗಂಟೆ ದೂರ ಇದ್ದಾಗ ಯಾವ ನೋವು ಆರಿಸಿಕೊಳ್ಳುತ್ತೀರಿ? ಕೈಕೊಡಲಿ ಉದ್ದ ಕಾವಿನ ಕೊಡಲಿಗಿಂತ ಸುಲಭ ಅಂದುಕೊಳ್ಳುತ್ತಾರೆ. ನನ್ನ ಅನುಭವ ಉಲ್ಟಾ. ಉದ್ದ ಕಾವಿನ ಏಟು ತಪ್ಪಿದರೆ ಬಹುಪಾಲು ನೆಲಕ್ಕೆ ಹೋಗುತ್ತದೆ, ಗಿಡ್ಡ ಕಾವಿನದು ಕಾಲಿಗೆ ಬರುತ್ತದೆ. ಅದಕ್ಕೇ ಕೈಕೊಡಲಿಯನ್ನು ಮಂಡಿಯೂರಿ ಕೂತು ಬಳಸಿ.

ಮಚ್ಚಿನ ಬಗ್ಗೆ ಒಂದೇ ಮಾತು. ಬೀಸುವ ಮೊದಲು ಅದನ್ನು ಒರೆಯೊಳಗೇ ಇಟ್ಟು, ಕೈ ಚಾಚಿ ನಿಧಾನಕ್ಕೆ ಸುತ್ತಲೂ ಒಂದು ಸುತ್ತು ತಿರುಗಿ. ತಲೆಯ ಮೇಲೂ ಎತ್ತಿ ನೋಡಿ. ಏನೂ ತಾಗಬಾರದು, ಬಳ್ಳಿಯೂ ಕೂಡ. ಬಳ್ಳಿಗೆ ಸಿಕ್ಕಿಕೊಂಡ ಮಚ್ಚು ಎಲ್ಲಿಗೆ ತಿರುಗುತ್ತದೆ ಅಂತ ಹೇಳಲಾಗದು.

ಈಗ ಒರೆ. ಜನ ಚಾಕು ಆರಿಸಲು ತಿಂಗಳು ಕಳೆಯುತ್ತಾರೆ, ಒರೆಯನ್ನು ತಿರುಗಿಯೂ ನೋಡುವುದಿಲ್ಲ. 1991ರಲ್ಲಿ ಇಟಲಿ-ಆಸ್ಟ್ರಿಯ ಗಡಿಯ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5300 ವರ್ಷ ಹಳೆಯ ಮನುಷ್ಯನ ದೇಹ ಸಿಕ್ಕಿತು. ಓಟ್ಸಿ ಅಂತ ಹೆಸರಿಟ್ಟರು. ಅವನ ಬಳಿ ತಾಮ್ರದ ಕೊಡಲಿ ಇತ್ತು. ಚಕಮಕಿ ಕಲ್ಲಿನ ಪುಟ್ಟ ಚಾಕುವೂ ಇತ್ತು, ಮರದ ಹಿಡಿಯದು. ಆ ಚಾಕುವಿಗೆ ಮರದ ನಾರಿನಲ್ಲಿ ಹೆಣೆದ ಒರೆ ಇತ್ತು! ಒರೆ ಬೇಕು ಅಂತ ಅವನಿಗೆ ಗೊತ್ತಿತ್ತು. ನಮ್ಮಲ್ಲಿ ಕೆಲವರು ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಾರೆ.

ಈ ತೊಗಲಿನ ಒರೆಯನ್ನು ಹತ್ತಿರದಿಂದ ನೋಡಿ, ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಒಳಗೆ ಏನೂ ಇಲ್ಲ, ಖಾಲಿ. ಬಾಯಿಯ ಹತ್ತಿರ ಹೊಲಿಗೆಯ ಮೂರು ಎಳೆ ತುಂಡಾಗಿವೆ ಅಲ್ವಾ? ಹೊರಗಿನಿಂದ ಸವೆದದ್ದಲ್ಲ. ಒಳಗಿನಿಂದ ಚಾಕುವಿನ ಹರಿತ ಅಂಚು ಪ್ರತಿ ಸಲ ಒಳಗೆ ಹೋಗುವಾಗ ಅದೇ ಜಾಗ ಕುಯ್ದಿದೆ. ಇನ್ನೊಂದು ತಿಂಗಳು ಬಳಸಿದ್ದರೆ ಅಲಗು ಪಕ್ಕದಿಂದ ಹೊರಬಂದು, ಒರೆ ಹಿಡಿದ ಬೆರಳನ್ನೇ ಕುಯ್ಯುತ್ತಿತ್ತು. ಅದಕ್ಕೇ ಚಾಕು ತೆಗೆಯುವಾಗ, ಹಾಕುವಾಗ ಒರೆಯ ಅಂಚನ್ನು ಬೆರಳಿನಿಂದ ಸುತ್ತಿ ಹಿಡಿಯಬೇಡಿ. ಚಪ್ಪಟೆ ಮೈಯನ್ನು ಹಿಡಿಯಿರಿ. ಹಾಕುವಾಗ ಕಣ್ಣು ಒರೆಯ ಮೇಲೇ ಇರಲಿ, ಮಾತಾಡುತ್ತಾ ಹಾಕಬೇಡಿ. ಇನ್ನೊಂದು, ಪ್ಲಾಸ್ಟಿಕ್ ಒರೆಯ ತಳದಲ್ಲಿ ತೂತು ಇದೆಯಾ ನೋಡಿ. ಇಲ್ಲದಿದ್ದರೆ ಮಳೆನೀರು ನಿಂತು ಮೊನೆ ತುಕ್ಕು ಹಿಡಿಯುತ್ತದೆ. ತೊಗಲು ಒರೆಯಲ್ಲಿ ಚಾಕುವನ್ನು ತಿಂಗಳುಗಟ್ಟಲೆ ಇಡಬೇಡಿ, ತೊಗಲು ತೇವ ಹೀರುತ್ತದೆ. ಮನೆಯಲ್ಲಿ ಚಾಕು ಬೇರೆ, ಒರೆ ಬೇರೆ.

ಇನ್ನು ಕೂರುವ ಭಂಗಿ. ಒಬ್ಬರು ಬಂದು ಈ ಕುರ್ಚಿಯಲ್ಲಿ ಕೂತು, ಈ ಸ್ಕೇಲನ್ನು ಚಾಕು ಅಂದುಕೊಂಡು ಕೋಲು ಕೆತ್ತಿ ನೋಡೋಣ. ಹಾಂ, ಎಲ್ಲರೂ ಮಾಡುವುದು ಇದನ್ನೇ. ಕೋಲು ತೊಡೆಗಳ ಮಧ್ಯೆ, ಚಾಕು ಕೆಳಮುಖ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಹರಿಯುತ್ತದೆ. ಅದು ಕುಯ್ದರೆ ನಿಮಿಷಗಳ ಲೆಕ್ಕ. ಈಗ ಮುಂದಕ್ಕೆ ಬಾಗಿ ಎರಡೂ ಮೊಣಕೈಯನ್ನು ಮೊಣಕಾಲ ಮೇಲೆ ಊರಿ. ನೋಡಿ, ಚಾಕು ತಾನಾಗೇ ಮೊಣಕಾಲಿನ ಆಚೆ ಹೋಯಿತು. ಈಗ ಜಾರಿದರೆ ಗಾಳಿಗೆ ಜಾರುತ್ತದೆ. ಇಷ್ಟೇ, ಒಂದು ಗೇಣು ಮುಂದಕ್ಕೆ.

ಚಾಕು ಕೈ ಜಾರಿ ಬಿದ್ದರೆ ಹಿಡಿಯಲು ಹೋಗಬೇಡಿ. ಕೈ ಎತ್ತಿ, ಕಾಲು ಹಿಂದಕ್ಕೆ. ನಾವು ಬೀಳುವುದನ್ನು ಹಿಡಿಯುವುದನ್ನೇ ಚಿಕ್ಕಂದಿನಿಂದ ಕಲಿತಿದ್ದೇವೆ, ಹಾಗಾಗಿ ಹಿಡಿಯದೇ ಇರುವುದನ್ನು ಅಭ್ಯಾಸ ಮಾಡಬೇಕು. ನಾನು ಸ್ಕೇಲನ್ನು ಬೀಳಿಸಿ ಬೀಳಿಸಿ ಅಭ್ಯಾಸ ಮಾಡಿದೆ, ಮನೆಯವರು ವಿಚಿತ್ರವಾಗಿ ನೋಡಿದರು. ಇನ್ನೊಬ್ಬರಿಗೆ ಕೊಡುವಾಗ ಒರೆಯಲ್ಲೇ ಇಟ್ಟು ಕೊಡಿ. ಹಿಡಿ ಮುಂದೆ ಮಾಡಿ ಕೊಡುವ ಶಿಷ್ಟಾಚಾರ ಆಮೇಲಿನದು.

ಮೊಂಡು ಚಾಕು ಕ್ಷೇಮ ಅನ್ನುವವರು ಇಲ್ಲೂ ಇರಬಹುದು. ಮೊಂಡಾದರೆ ಬಲ ಜಾಸ್ತಿ ಹಾಕುತ್ತೀರಿ, ಬಲ ಜಾಸ್ತಿ ಆದಾಗಲೇ ಜಾರುವುದು. ಸಾಣೆ ಹಿಡಿಯುವಾಗ ಪ್ರತಿ ಬದಿಗೆ ಸುಮಾರು 20 ಡಿಗ್ರಿ ಅಂತ ಹೇಳುತ್ತಾರೆ. ಅಳೆಯುವುದು ಹೇಗೆ? ಚಾಕುವನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದು 90. ಅರ್ಧಕ್ಕೆ ಬಾಗಿಸಿ, 45. ಮತ್ತೆ ಅದರ ಅರ್ಧ, 20ರ ಸುಮಾರು ಬಂತು. ಅದೇ ಕೋನವನ್ನು ಕೊನೆಯವರೆಗೆ ಉಳಿಸಿಕೊಳ್ಳುವುದೇ ಕಷ್ಟ, ಡಿಗ್ರಿ ಒಂದೆರಡು ಆಚೀಚೆ ಆದರೆ ಪರವಾಗಿಲ್ಲ.

ಇಷ್ಟಾದರೂ ಕುಯ್ದುಕೊಂಡರೆ? ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಗಡಿಯಾರ ನೋಡಿ ಹತ್ತು ನಿಮಿಷ. ನಿಂತಿತಾ ಅಂತ ಮಧ್ಯೆ ಎತ್ತಿ ನೋಡುವುದೇ ದೊಡ್ಡ ತಪ್ಪು, ಹೆಪ್ಪುಗಟ್ಟುತ್ತಿರುವುದು ಬಿಟ್ಟುಹೋಗುತ್ತದೆ. ರಕ್ತ ಚಿಮ್ಮುತ್ತಿದ್ದರೆ ಕಾಯಬೇಡಿ, ಒತ್ತಿ ಹಿಡಿದುಕೊಂಡೇ ಸಹಾಯಕ್ಕೆ ಕರೆಯಿರಿ. ಚುಚ್ಚಿಕೊಂಡದ್ದು ಒಳಗೇ ಇದ್ದರೆ ಕೀಳಬೇಡಿ. ಧನುರ್ವಾಯು ಚುಚ್ಚುಮದ್ದು ಕೊನೆಯ ಸಲ ಯಾವಾಗ ಹಾಕಿಸಿಕೊಂಡಿದ್ದು ಅಂತ ಇವತ್ತೇ ನೆನಪು ಮಾಡಿಕೊಳ್ಳಿ.

ಪ್ರಶ್ನೆಗಳಿಗೆ ಸ್ವಲ್ಪ ಹೊತ್ತಿದೆ ಅಂದರು.

ಮಕ್ಕಳಿಗೆ ಯಾವ ವಯಸ್ಸಿಗೆ ಚಾಕು ಕೊಡಬಹುದು ಅಂತ ಒಬ್ಬರು ತಾಯಿ ಕೇಳಿದರು. ಕಾನೂನಿನಲ್ಲಿ ವಯಸ್ಸಿನ ಮಿತಿ ಇರುವ ಕಡೆ ಅದು ಮೊದಲು. ಅದರಾಚೆ ನನಗೆ ವಯಸ್ಸಿಗಿಂತ ಇನ್ನೊಂದು ಮುಖ್ಯ. ಕೆತ್ತುತ್ತಿರುವಾಗ ಹಿಂದಿನಿಂದ ಹೆಸರು ಹಿಡಿದು ಕರೆಯಿರಿ. ಮಗು ಚಾಕು ನಿಲ್ಲಿಸಿ ಆಮೇಲೆ ತಿರುಗಿದರೆ ಸರಿ. ಚಾಕು ಸಮೇತ ತಿರುಗಿದರೆ ಇನ್ನೂ ಸ್ವಲ್ಪ ಕಾಯಿರಿ. ಈ ಪರೀಕ್ಷೆಯಲ್ಲಿ ಫೇಲಾದ ದೊಡ್ಡವರನ್ನೂ ನೋಡಿದ್ದೇನೆ.

ಮಲ್ಟಿಟೂಲ್ ಇದ್ದರೆ ಚಾಕು ಬೇಕಾ ಅಂತ ಇನ್ನೊಬ್ಬರು. ಒಲೆ, ಸೈಕಲ್, ದೋಣಿಯ ತಿರುಪು ಬಿಗಿಮಾಡುವ ಕೆಲಸ ಇರುವವರಿಗೆ ಮಲ್ಟಿಟೂಲ್ ಸಾಕು. ಒಂದು ಎಚ್ಚರ, ಅದರಲ್ಲೂ ಅಲಗು ಇದೆ. "ಇದು ಇಕ್ಕಳ" ಅಂತ ಜೇಬಿಗೆ ಹಾಕಿಕೊಂಡು ಹೋಗುವ ಹಾಗಿಲ್ಲ. ಅಲಗು ಲಾಕ್ ಆಗುತ್ತದಾ, ಎಷ್ಟು ಉದ್ದ ಅಂತ ಕಾನೂನು ಅದಕ್ಕೂ ಕೇಳುತ್ತದೆ.

ಕೊನೆಗೆ ಒಬ್ಬ ಹುಡುಗ ಕೇಳಿದ: "ಸರ್, ಸೋದರಮಾವನಿಗೆ ಏನಂತ ಹೇಳಿದ್ರಿ?" ಸತ್ಯ ಹೇಳುತ್ತೇನೆ. ಎರಡು ವರ್ಷ ಹೇಳಲೇ ಇಲ್ಲ. ಆಮೇಲೆ ಒಂದು ದಿನ ಹೇಳಿದಾಗ ಅವರು ನಕ್ಕರು. ತಾವೂ ಒಂದು ಕಳೆದುಕೊಂಡದ್ದು ಹಾಗೆಯೇ ಅಂತೆ.

ಜನ ಎದ್ದು ಮಾತಾಡಿಕೊಳ್ಳುತ್ತಿದ್ದಂತೆ ನಾನು ಸಾಧನಗಳನ್ನು ಒಂದೊಂದೇ ಸುರುಳಿಗೆ ಹಾಕುತ್ತಾ ಎಣಿಸಿದೆ. ಆರು. ಮತ್ತೆ ಎಣಿಸಿದೆ, ಆರೇ. ಬಾಗಿಲು ಹಾಕಿಸಿ ಅಂತ ಕೂಗುವುದರಲ್ಲಿದ್ದೆ. ಅಷ್ಟರಲ್ಲಿ ಮೊದಲ ಸಾಲಿನ ಹಿರಿಯರೊಬ್ಬರು ಕತ್ತರಿ ಹಿಡಿದುಕೊಂಡು ಬಂದರು. ಚಪ್ಪಲಿಯ ಬಾರಿನ ದಾರ ಬಿಟ್ಟುಕೊಂಡಿತ್ತಂತೆ, ಕತ್ತರಿಸಿಕೊಂಡರಂತೆ.

"ಚೆನ್ನಾಗಿ ಕತ್ತರಿಸುತ್ತದೆ," ಅಂದರು.